ಜೀಪಿಗೆ ಎಂಥ ರೋಲ್ ಕೇಜ್? ಆಕಾರ, ಪೈಪು ಮತ್ತು ಕೂರಿಸುವ ಜಾಗಗಳ ಹೋಲಿಕೆ

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯ ತೋಟದ ದಾರಿಗಳಲ್ಲಿ ಜೀಪು ಪಲ್ಟಿಯಾಗುವುದಕ್ಕೆ ಬಹಳ ಸಲ ವೇಗ ಕಾರಣವಲ್ಲ. ಏರಿನಲ್ಲಿ ಒಂದು ಬದಿಯ ಚಕ್ರ ಬಂಡೆಗೆ ಹತ್ತುತ್ತದೆ, ಇನ್ನೊಂದು ಬದಿಯದು ಮಳೆನೀರು ಕೊರೆದ ಕೊರಕಲಿಗೆ ಇಳಿಯುತ್ತದೆ, ಗಾಡಿ ನಿಧಾನವಾಗಿ ವಾಲಿ ಪಕ್ಕಕ್ಕೆ ಮಲಗುತ್ತದೆ. ಕೆಳಗೆ ಇಳಿಜಾರಿದ್ದರೆ ಅಲ್ಲಿಗೇ ನಿಲ್ಲದೆ ತಲೆಕೆಳಗಾಗುತ್ತದೆ. ರ‍್ಯಾಲಿ ಕಾರಿನ ಪಲ್ಟಿ ಇದಕ್ಕಿಂತ ಬೇರೆ ಬಗೆಯದು. ಅಲ್ಲಿ ವೇಗವಿರುತ್ತದೆ, ಒಂದರ ಮೇಲೊಂದು ಉರುಳುಗಳಿರುತ್ತವೆ, ನಡುವೆ ಮರಕ್ಕೋ ಮೋರಿಗೋ ಬಡಿಯುವ ಅಪಾಯವಿರುತ್ತದೆ. ರೋಲ್ ಕೇಜ್, ಅಂದರೆ ಪಲ್ಟಿಯಲ್ಲಿ ಒಳಗಿರುವವರನ್ನು ಕಾಯುವ ಉಕ್ಕಿನ ಪೈಪುಗಳ ಚೌಕಟ್ಟು, ಹಾಕಿಸಲು ಹೊರಟವರು ಪೈಪಿನ ದಪ್ಪವನ್ನೂ ಬೆಲೆಯನ್ನೂ ಚರ್ಚಿಸುವ ಮೊದಲು, ತಮ್ಮ ಗಾಡಿ ಈ ಎರಡರಲ್ಲಿ ಯಾವ ಬಗೆಯ ಪಲ್ಟಿಗೆ ಹೆಚ್ಚು ಒಡ್ಡಿಕೊಂಡಿದೆ, ಅದರೊಳಗೆ ಯಾರು ಎಲ್ಲಿ ಕೂರುತ್ತಾರೆ, ವಾರದ ಉಳಿದ ದಿನ ಅದೇ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದುಂಟೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ.

ಇಲ್ಲಿ ಲ್ಯಾಡರ್ ಚಾಸಿಸ್, ಅಂದರೆ ಏಣಿಯಾಕಾರದ ಉಕ್ಕಿನ ಅಡಿಚೌಕಟ್ಟಿನ ಮೇಲೆ ಬಾಡಿ ಕೂತಿರುವ ಗಾಡಿಗಳನ್ನಷ್ಟೇ ಪರಿಗಣಿಸಿದ್ದೇನೆ: ಮಹೀಂದ್ರದ ಹಳೆಯ ಎಂಎಂ 540, 2010ರಲ್ಲಿ ಬಂದ ಮೊದಲ ಪೀಳಿಗೆಯ ಥಾರ್, ಮಾರುತಿ ಜಿಪ್ಸಿ, ಮತ್ತು ಇಸುಜು ವಿ-ಕ್ರಾಸ್‌ನಂಥ ಪಿಕಪ್‌ಗಳು. 2020ರಲ್ಲಿ ಬಂದ ಎರಡನೆಯ ಪೀಳಿಗೆಯ ಥಾರ್‌ಗೆ ಕಂಪನಿಯೇ ರೋಲ್ ಕೇಜ್ ಕೊಟ್ಟಿರುವುದರಿಂದ ಅದರ ಲೆಕ್ಕ ಬೇರೆ. ಅದನ್ನು ಕತ್ತರಿಸುವುದಾಗಲಿ, ಅದಕ್ಕೆ ಹೊಸ ಪೈಪು ಬೆಸೆಯುವುದಾಗಲಿ ಕೂಡದು. ಹಳೆಯ ಜೀಪುಗಳ ಮಾಲೀಕರಲ್ಲಿ ಒಂದು ತಪ್ಪು ಭರವಸೆ ಬೇರೂರಿದೆ. ಕ್ಯಾನ್ವಾಸ್ ಟಾಪನ್ನು ಹೊತ್ತಿರುವ ತೆಳ್ಳನೆಯ ಕಮಾನುಗಳನ್ನೇ ಅವರು ರೋಲ್ ಬಾರ್ ಎಂದು ಭಾವಿಸುತ್ತಾರೆ. ಅವು ಕೊಡೆಯ ಕಡ್ಡಿಗಳಿದ್ದಂತೆ, ಬಟ್ಟೆಯನ್ನು ಎತ್ತಿ ಹಿಡಿಯುವುದಕ್ಕಷ್ಟೇ ಇವೆ. ಒಂದೂವರೆ ಟನ್ ಭಾರ ಮೇಲೆ ಬಂದಾಗ ಅವು ಮಡಚಿಕೊಳ್ಳುತ್ತವೆ. ಎದುರಿನ ಗಾಜಿನ ಚೌಕಟ್ಟೂ ಹಳೆಯ ಜೀಪುಗಳಲ್ಲಿ ಬಾನೆಟ್ ಮೇಲೆ ಮಲಗಿಸಲೆಂದೇ ಕೀಲು ಇಟ್ಟು ಮಾಡಿದ್ದು. ಪಲ್ಟಿಯಲ್ಲಿ ಅದರಿಂದ ಯಾವ ಆಸರೆಯನ್ನೂ ನಿರೀಕ್ಷಿಸಬಾರದು.

ಹೂಪ್, ಆರು ಕಾಲಿನ ಕೇಜ್, ಹೊರಗಿನ ಕೇಜ್

ಅತ್ಯಂತ ಸರಳವಾದದ್ದು ನಾಲ್ಕು ಕಾಲಿನ ಹೂಪ್. ಮುಂದಿನ ಸೀಟುಗಳ ಬೆನ್ನ ಹಿಂದೆ ಅಡ್ಡಲಾಗಿ ಒಂದು ದಪ್ಪ ಪೈಪಿನ ಕಮಾನು ನಿಲ್ಲುತ್ತದೆ. ಅದರ ಮೇಲ್ಭಾಗದಿಂದ ಹಿಂದಕ್ಕೆ ಎರಡು ನೇರ ಪೈಪುಗಳು ಓರೆಯಾಗಿ ಇಳಿದು ಹಿಂದಿನ ಚಕ್ರಗಳ ಮೇಲಿನ ಭಾಗಕ್ಕೆ ಆತುಕೊಳ್ಳುತ್ತವೆ. ಕಮಾನಿನೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪೈಪು, ಅಂದರೆ ಡಯಾಗನಲ್ ಇರುತ್ತದೆ. ಈ ಡಯಾಗನಲ್ ಬೇಡವೆಂದು, ಹಿಂದಿನ ನೋಟಕ್ಕೆ ಅಡ್ಡಿಯೆಂದು, ಕೈಬಿಡುವವರು ಬಹಳ. ಆದರೆ ಪಕ್ಕಕ್ಕೆ ಉರುಳುವಾಗ ಭಾರ ಬರುವುದು ಕಮಾನಿನ ಒಂದು ಭುಜದ ಮೇಲೆ; ಡಯಾಗನಲ್ ಇಲ್ಲದ ಕಮಾನು ಆಗ ಚೌಕದಿಂದ ಓರೆ ಚೌಕವಾಗಿ ಕುಸಿಯುತ್ತದೆ. ನಿಧಾನದ ಪಕ್ಕದ ಪಲ್ಟಿಯೇ ನಮ್ಮ ಮುಖ್ಯ ಅಪಾಯವಾದ್ದರಿಂದ ಈ ಒಂದು ಪೈಪನ್ನು ಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹೂಪ್ ಮಾತ್ರ ಸಾಕೇ ಎಂಬುದನ್ನು ಗಾಡಿಯ ಬಳಿ ನಿಂತೇ ಪರೀಕ್ಷಿಸಬಹುದು. ಹೂಪ್‌ನ ತುದಿ ಬರಬೇಕಾದ ಎತ್ತರದಿಂದ ಬಾನೆಟ್‌ನ ಮುಂಭಾಗದವರೆಗೆ ಒಂದು ನೇರ ಪೈಪನ್ನೋ ಬಿಗಿದ ದಾರವನ್ನೋ ಹಿಡಿಸಿ, ಚಾಲಕನನ್ನು ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂರಿಸಿ, ಪಕ್ಕದಿಂದ ನೋಡಬೇಕು. ಗಾಜಿನ ಚೌಕಟ್ಟು ಮಡಚಿಕೊಂಡ ಜೀಪು ತಲೆಕೆಳಗಾಗಿ ಸಮನೆಲದ ಮೇಲೆ ಬಿದ್ದರೆ ಹೆಚ್ಚುಕಡಿಮೆ ಈ ಗೆರೆಯ ಮೇಲೆಯೇ ಕೂರುತ್ತದೆ. ಹೆಲ್ಮೆಟ್ ಗೆರೆಗಿಂತ ನಾಲ್ಕು ಬೆರಳಾದರೂ ಕೆಳಗಿದ್ದರೆ ಹೂಪ್‌ನ ಬಗ್ಗೆ ಯೋಚಿಸಬಹುದು. ಗೆರೆಯನ್ನು ಮುಟ್ಟುತ್ತಿದ್ದರೆ, ಅಥವಾ ನೀವು ಹೋಗುವ ದಾರಿಯಲ್ಲಿ ಮೊನಚು ಬಂಡೆಗಳೂ ಮರದ ಬೊಡ್ಡೆಗಳೂ ಇದ್ದರೆ, ಮುಂದಿನ ಕಮಾನು ಬೇಕೇ ಬೇಕು.

ಆ ಮುಂದಿನ ಕಮಾನು ಸೇರಿದಾಗ ಆಗುವುದೇ ಆರು ಕಾಲಿನ ಕೇಜ್: ಗಾಜಿನ ಚೌಕಟ್ಟಿನ ಪಕ್ಕದಲ್ಲಿ ಇಳಿಯುವ ಎರಡು ಕಾಲುಗಳು, ತಲೆಯ ಮೇಲೆ ಎರಡೂ ಕಮಾನುಗಳನ್ನು ಜೋಡಿಸುವ ಉದ್ದ ಪೈಪುಗಳು, ಬಾಗಿಲಿಗೆ ಅಡ್ಡವಾಗಿ ಒಂದೆರಡು ಪೈಪು. ರಕ್ಷಣೆಯಲ್ಲಿ ಇದು ಹೂಪ್‌ಗಿಂತ ನಿಸ್ಸಂದೇಹವಾಗಿ ಮೇಲು. ಆದರೆ ಇದರ ಬೆಲೆಯನ್ನು ರೂಪಾಯಿಗಳಲ್ಲಿ ಮಾತ್ರ ಅಳೆಯಲಾಗದು. ಕಾಲಿನ ಬಳಿ ಜಾಗ ಕಡಿಮೆಯಾಗುತ್ತದೆ. ಹತ್ತಿ ಇಳಿಯುವುದು ಕಷ್ಟವಾಗುತ್ತದೆ, ಹೊಳೆ ದಾಟುವಾಗ ಗಾಡಿ ಮಗುಚಿದರೆ ಈ ಕಷ್ಟವೇ ಪ್ರಾಣಕ್ಕೆ ಎರವಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ತಲೆಯಿಂದ ಒಂದು ಗೇಣು ದೂರದಲ್ಲಿ ಉಕ್ಕಿನ ಪೈಪು ಬಂದು ನಿಲ್ಲುತ್ತದೆ. ಹೆಲ್ಮೆಟ್ ಇಲ್ಲದೆ ಮಾಮೂಲಿ ಬೆಲ್ಟಿನಲ್ಲಿ ಕೂತವನಿಗೆ, ಹೆದ್ದಾರಿಯಲ್ಲಿ ಹಿಂದಿನಿಂದ ಕಾರೊಂದು ಗುದ್ದಿದರೂ ಸಾಕು, ಅದೇ ಪೈಪು ತಲೆಬುರುಡೆಗೆ ಬಡಿಯುತ್ತದೆ. ಆದ್ದರಿಂದ ಪೂರ್ಣ ಕೇಜ್ ಹೆಲ್ಮೆಟ್ ಹಾಕಿಯೇ ಓಡಿಸುವ ಸ್ಪರ್ಧೆಯ ಗಾಡಿಗೆ ಸರಿ. ದಿನವೂ ಪೇಟೆಗೆ ಹೋಗುವ ಗಾಡಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಹೊರಗಿನ ಕೇಜ್, ಅಂದರೆ ಬಾಡಿಯ ಹೊರಮೈಯನ್ನೇ ಸುತ್ತುವ ಪೈಪುಗಳ ಚೌಕಟ್ಟು, ಈ ತಲೆಯ ತೊಂದರೆಯನ್ನು ನಿವಾರಿಸುತ್ತದೆ. ಒಳಗಿನ ಜಾಗ ಹಾಗೆಯೇ ಉಳಿಯುತ್ತದೆ, ತಗಡಿಗೆ ಕಾಫಿ ಗಿಡದ ಕೊಂಬೆಯಿಂದಲೂ ದರೆಯಿಂದಲೂ ರಕ್ಷಣೆ ಸಿಗುತ್ತದೆ. ಲೋಹದ ಮಾಡು ಇರುವ ಜಿಪ್ಸಿ, ಪಿಕಪ್‌ಗಳನ್ನು ಕಾಡಿನಲ್ಲಷ್ಟೇ ಬಳಸುವವರು ಇದನ್ನು ಮೆಚ್ಚುವುದಕ್ಕೆ ಕಾರಣವಿದೆ. ಆದರೆ ಗಾಡಿ ಅಗಲವಾಗುತ್ತದೆ, ಇಕ್ಕಟ್ಟಿನ ದಾರಿಯಲ್ಲಿ ಪೈಪೇ ಮರಕ್ಕೆ ಸಿಕ್ಕಿಕೊಳ್ಳುತ್ತದೆ, ರಸ್ತೆಯಲ್ಲಿ ಪಾದಚಾರಿಗೆ ತಗುಲಿದರೆ ಆಗುವ ಗಾಯ ಹೆಚ್ಚು. ಸಾರ್ವಜನಿಕ ರಸ್ತೆಗೆ ಇಳಿಯುವ ಗಾಡಿಗೆ ಇದು ಬೇಡ.

ಹಿಂದೆ ಎದುರುಬದುರಾಗಿ ಬೆಂಚಿನಂಥ ಸೀಟುಗಳಿರುವ ಜೀಪಿನವರು ಇನ್ನೊಂದನ್ನು ಗಮನಿಸಬೇಕು. ಮುಂದಿನ ಸೀಟಿನ ಹಿಂದೆ ನಿಂತ ಹೂಪ್ ಹಿಂದೆ ಕೂತವರ ಪಾಲಿಗೆ ಮುಖಕ್ಕೆ ಬಡಿಯುವ ಕಬ್ಬಿಣ. ಹೂಪ್ ಹಾಕಿಸಿದ ಮೇಲೆ ಆ ಬೆಂಚುಗಳನ್ನು ಬಿಚ್ಚಿ ಸಾಮಾನಿಗೆ ಬಿಡುವುದೇ ಲೇಸು. ನಾಲ್ಕು ಜನ ಹೋಗಲೇಬೇಕೆಂದಾದರೆ, ಹಿಂದೆ ಮುಂದಕ್ಕೆ ಮುಖ ಮಾಡಿದ ಸೀಟು, ಅದಕ್ಕೆ ಬೆಲ್ಟು, ಅದರ ಹಿಂದೆ ಇನ್ನೊಂದು ಕಮಾನು, ಇವೆಲ್ಲವೂ ಬೇಕಾಗುತ್ತವೆ.

ಬಾಡಿಗೋ ಚಾಸಿಸ್‌ಗೋ

ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿ. ಲ್ಯಾಡರ್ ಚಾಸಿಸ್ ಗಾಡಿಯಲ್ಲಿ ಬಾಡಿ ಚಾಸಿಸ್‌ಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ; ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಒಂದು ಚಕ್ರ ಮೇಲಕ್ಕೂ ಮೂಲೆಯ ಇನ್ನೊಂದು ಚಕ್ರ ಕೆಳಕ್ಕೂ ಹೋದಾಗ ಚಾಸಿಸ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಾಡಿ ಆ ತಿರುಚನ್ನು ಬುಷ್‌ಗಳಿಗೆ ಬಿಟ್ಟು ತಾನು ಹಾಗೆಯೇ ಉಳಿಯುತ್ತದೆ. ಈಗ ಕೇಜ್‌ನ ಎರಡು ಕಾಲುಗಳನ್ನು ನೆಲದ ತಗಡಿಗೂ ಎರಡನ್ನು ಚಾಸಿಸ್‌ಗೂ ಬಿಗಿದರೆ, ಪ್ರತಿ ಗುಂಡಿಯಲ್ಲೂ ಕೇಜ್ ಆ ಎರಡರ ನಡುವೆ ಎಳೆದಾಡಲ್ಪಡುತ್ತದೆ. ಫಲ ಕೆಲವು ತಿಂಗಳಲ್ಲೇ ಕಾಣುತ್ತದೆ: ಪಾದದ ತಟ್ಟೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ತುಕ್ಕಿನ ನೀರು ಒಸರುತ್ತದೆ, ಆಮೇಲೆ ತಗಡೇ ಹರಿಯುತ್ತದೆ.

ಆದ್ದರಿಂದ ಆಯ್ಕೆ ಎರಡೇ. ಒಂದು, ಎಲ್ಲ ಕಾಲುಗಳನ್ನೂ ಬಾಡಿಯ ಮೇಲೆಯೇ ನಿಲ್ಲಿಸುವುದು. ಇದು ಅಗ್ಗ, ಬಿಚ್ಚಲು ಸುಲಭ, ಸೀಟೂ ಬಾಡಿಗೇ ಬಿಗಿದಿರುವುದರಿಂದ ಸೀಟು ಮತ್ತು ಕೇಜ್ ಒಟ್ಟಿಗೆ ಚಲಿಸುತ್ತವೆ. ಇದರ ದೌರ್ಬಲ್ಯ ತೆಳು ತಗಡು. ಪಲ್ಟಿಯಲ್ಲಿ ಕಾಲು ತಗಡನ್ನು ತೂತು ಮಾಡಿಕೊಂಡು ಕೆಳಗಿಳಿದರೆ ಮೇಲಿನ ಕಮಾನು ಎಷ್ಟು ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ತನ್ನ ಅಪೆಂಡಿಕ್ಸ್ ಜೆ, ವಿಧಿ 253ರಲ್ಲಿ ಇದಕ್ಕೆಂದೇ ಅಳತೆ ಹಾಕಿಕೊಟ್ಟಿದೆ: ಮುಖ್ಯ ಕಮಾನಿನ ಪ್ರತಿ ಪಾದದಡಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲಪಡಿಸುವ ತಟ್ಟೆ, ಮತ್ತು 8.8 ಬಲದ ದರ್ಜೆಯ ಕನಿಷ್ಠ ಮೂರು ಎಂ8 (8 ಮಿ.ಮೀ. ವ್ಯಾಸದ) ಬೋಲ್ಟ್. ತಟ್ಟೆಯನ್ನು ನೆಲದ ಮೇಲೂ ಕೆಳಗೂ ಕೊಟ್ಟು ತಗಡನ್ನು ನಡುವೆ ಹಿಡಿದಿಡುವುದು, ಸಾಧ್ಯವಾದಲ್ಲಿ ನೆಲ ಮತ್ತು ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ ತಟ್ಟೆಯನ್ನು ಎಲ್ ಆಕಾರಕ್ಕೆ ಮಡಚುವುದು ಇನ್ನೂ ಒಳ್ಳೆಯದು.

ಎರಡನೆಯದು, ಕೇಜನ್ನು ಚಾಸಿಸ್‌ನಿಂದಲೇ ಎಬ್ಬಿಸುವುದು. ಕಾಲುಗಳು ನೆಲದ ರಂಧ್ರದ ಮೂಲಕ ಇಳಿದು, ಚಾಸಿಸ್‌ಗೆ ಬೆಸೆದ ಬ್ರಾಕೆಟ್‌ಗೆ ಗಟ್ಟಿ ಬುಷ್ ಮೂಲಕ ಸೇರುತ್ತವೆ, ತಗಡನ್ನು ಮುಟ್ಟುವುದಿಲ್ಲ. ಭಾರಿ ಪಲ್ಟಿಗೆ ಇದೇ ಗಟ್ಟಿ ವಿಧಾನ. ಆದರೆ ಆಗ ಸೀಟುಗಳನ್ನೂ ಬೆಲ್ಟುಗಳನ್ನೂ ಕೇಜ್‌ನ ಪೈಪಿಗೇ ಕಟ್ಟಬೇಕಾಗುತ್ತದೆ. ಇಲ್ಲವಾದರೆ ಬಾಡಿ ಬುಷ್‌ನಿಂದ ಕಿತ್ತುಬಂದ ಗಳಿಗೆಯಲ್ಲಿ ಸೀಟು ಒಂದು ಕಡೆ, ಬೆಲ್ಟು ಇನ್ನೊಂದು ಕಡೆ ಎಳೆಯುತ್ತವೆ. ಸ್ಪರ್ಧೆಗೆಂದೇ ಗಾಡಿ ಬಿಚ್ಚಿ ಕಟ್ಟುವವರಿಗೆ ಇದು. ಉಳಿದವರಿಗೆ ಅಗಲ ತಟ್ಟೆಗಳ ಬಾಡಿ ಜೋಡಣೆ ಸಾಕು.

ಪೈಪು

ಮಾರುಕಟ್ಟೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ನೀರಿನ ಪೈಪು. ಭಾರತೀಯ ಮಾನದಂಡ ಐಎಸ್ 1239ರ ಒಂದೂವರೆ ಇಂಚಿನ ಮಧ್ಯಮ ದರ್ಜೆಯ ಪೈಪು ಹೊರಗಿನಿಂದ ಸುಮಾರು 48.3 ಮಿ.ಮೀ., ಗೋಡೆ 3.2 ಮಿ.ಮೀ., ಮೀಟರಿಗೆ ಮೂರೂವರೆ ಕಿಲೋ. ಕೈಗೆ ಭಾರವಾಗಿ ಸಿಗುವುದರಿಂದ ಇದೇ ಗಟ್ಟಿಯೆಂದು ಅನೇಕರು ನಂಬುತ್ತಾರೆ. ನೀರಿನ ಒತ್ತಡ ತಡೆಯಲೆಂದು ಮಾಡಿದ ಈ ಪೈಪಿನ ಹೊಲಿಗೆ ಬಾಗಿಸಿದಾಗ, ಜಜ್ಜಿದಾಗ ಹೇಗೆ ವರ್ತಿಸುತ್ತದೆ ಎಂಬ ಭರವಸೆ ಯಾರೂ ಕೊಡುವುದಿಲ್ಲ. ಸತುವಿನ ಲೇಪವಿರುವ ಜಿಐ ಪೈಪಂತೂ ಬೇಡವೇ ಬೇಡ: ಬೆಸೆಯುವಾಗ ಏಳುವ ಬಿಳಿ ಹೊಗೆ ವೆಲ್ಡರ್‌ಗೆ ಚಳಿಜ್ವರ ತರಿಸುತ್ತದೆ, ಸತು ಬೆರೆತ ಬೆಸುಗೆಯೊಳಗೆ ಗುಳ್ಳೆಗಳು ಉಳಿಯುತ್ತವೆ.

ಅದರ ಮೇಲಿನ ಮೆಟ್ಟಿಲು ವಾಹನಗಳಿಗೆಂದೇ ತಯಾರಾಗುವ ಇಆರ್‌ಡಬ್ಲ್ಯೂ, ಅಂದರೆ ಉಕ್ಕಿನ ಪಟ್ಟಿಯನ್ನು ಸುತ್ತಿ ವಿದ್ಯುತ್ತಿನಿಂದ ಹೊಲಿಗೆ ಬೆಸೆದ ಟ್ಯೂಬ್; ಐಎಸ್ 3074 ಇದರ ಮಾನದಂಡ. ಇನ್ನೂ ಮೇಲೆ ಸಿಡಿಡಬ್ಲ್ಯೂ, ಅಂದರೆ ಬೆಸೆದ ಟ್ಯೂಬನ್ನು ತಣ್ಣಗೆ ಎಳೆದು ಹದಗೊಳಿಸಿದ್ದು, ಮತ್ತು ಹೊಲಿಗೆಯೇ ಇಲ್ಲದ ಸೀಮ್‌ಲೆಸ್. ಎಫ್‌ಐಎ ಕೇಳುವುದು ತಣ್ಣಗೆ ಎಳೆದ ಸೀಮ್‌ಲೆಸ್ ಉಕ್ಕನ್ನು: ಇಂಗಾಲ ಶೇ. 0.3ಕ್ಕಿಂತ ಹೆಚ್ಚಿರಬಾರದು, ಎಳೆತದ ಬಲ ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್ ಇರಬೇಕು. ಸ್ಪರ್ಧೆಗೆ ಹೋಗುವವರಿಗೆ ಇದರಲ್ಲಿ ಆಯ್ಕೆಯಿಲ್ಲ. ತೋಟ, ಟ್ರೇಲ್‌ಗಳ (ಕಾಡುಗುಡ್ಡಗಳ ಕಚ್ಚಾ ದಾರಿಗಳ) ಹೂಪ್‌ಗೆ ಸಿಡಿಡಬ್ಲ್ಯೂ ಸಾಕೆಂಬುದು ನನ್ನ ನಿಲುವು. ಇಆರ್‌ಡಬ್ಲ್ಯೂ ಬಳಸುವುದಾದರೆ ಬಾಗಿಸುವಾಗ ಹೊಲಿಗೆಯನ್ನು ಬಾಗಿನ ಹೊರಬದಿಗಾಗಲಿ ಒಳಬದಿಗಾಗಲಿ ಬಿಡದೆ ನಡುವಿನ ಪಕ್ಕಕ್ಕೆ ತಿರುಗಿಸಿಡಬೇಕು.

ಅಳತೆಯ ವಿಷಯದಲ್ಲಿ ಎಫ್‌ಐಎಯ ಅದೇ ವಿಧಿ 253 ಮುಖ್ಯ ಕಮಾನಿಗೆ ಎರಡು ದಾರಿ ಕೊಡುತ್ತದೆ: 45 ಮಿ.ಮೀ. ವ್ಯಾಸ, 2.5 ಮಿ.ಮೀ. ಗೋಡೆ; ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆ. ಉಳಿದ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಲೆಕ್ಕ ಹಾಕಿ ನೋಡಿದರೆ 45ರದು ಮೀಟರಿಗೆ ಸುಮಾರು 2.62 ಕಿಲೋ, 50ರದು 2.37 ಕಿಲೋ, ಹಗುರವಾಗಿದ್ದೂ 50ರದು ಬಾಗುವಿಕೆಗೆ ಶೇ. 15ರಷ್ಟು ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಏಕೆಂದರೆ ಪೈಪಿನ ಬಿಗುವು ಗೋಡೆಯ ದಪ್ಪಕ್ಕಿಂತ ವ್ಯಾಸದೊಂದಿಗೆ ವೇಗವಾಗಿ ಏರುತ್ತದೆ. ಹಾಗಿದ್ದರೆ 50 ಆರಿಸಬಾರದೇಕೆ? ತೆಳು ಗೋಡೆಯ ಪೈಪು ಕಲ್ಲಿನ ಮೊನೆಗೆ ಬೇಗ ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಮಡಚಲು ತೊಡಗುತ್ತದೆ. ಬಾಗಿಸುವಾಗ ಚಪ್ಪಟೆಯಾಗುವುದೂ ಹೆಚ್ಚು. ಬಂಡೆಗಳ ನಡುವೆ ಓಡುವ ಜೀಪಿಗೆ ನಾನು 45ನ್ನೇ ಆರಿಸುತ್ತೇನೆ.

ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4130 ಉಕ್ಕಿನ ಬಗ್ಗೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬಾಹಾ ಎಸ್‌ಎಇ ಸ್ಪರ್ಧೆಗೆ ಗಾಡಿ ಕಟ್ಟಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತ. ಇದು ಬಲದಲ್ಲಿ ಮೇಲು, ನಿಜ. ಆದರೆ ಸಾಂದ್ರತೆಯೂ ಬಿಗುವೂ ಸಾಮಾನ್ಯ ಉಕ್ಕಿನದೇ ಆದ್ದರಿಂದ, ಅದೇ ಅಳತೆಯ ಕ್ರೋಮೋಲಿ ಕೇಜ್ ಹಗುರವೂ ಆಗುವುದಿಲ್ಲ, ಕಡಿಮೆ ಬಾಗುವುದೂ ಇಲ್ಲ. ಗೋಡೆ ತೆಳುಮಾಡಿದರೆ ಮಾತ್ರ ತೂಕ ಉಳಿಯುತ್ತದೆ. ಬೆಸುಗೆಯ ಪಕ್ಕದ ಭಾಗ ಬೇಗ ತಣಿದರೆ ಪೆಡಸಾಗುವ ಗುಣವಿರುವುದರಿಂದ ಇದಕ್ಕೆ ಟಿಗ್‌ನಲ್ಲಿ, ಅಂದರೆ ಜಡ ಅನಿಲದ ಮರೆಯಲ್ಲಿ ಟಂಗ್‌ಸ್ಟನ್ ಮೊನೆಯಿಂದ ಮಾಡುವ ಬೆಸುಗೆಯಲ್ಲಿ, ಪಳಗಿದ ಕೈಯೇ ಬೇಕು. ನೂರೈವತ್ತು ಕಿಲೋದ ವಿದ್ಯಾರ್ಥಿಗಳ ಗಾಡಿಗೆ ಉಳಿದ ಒಂದೊಂದು ಕಿಲೋವೂ ಲಾಭ. ಒಂದೂವರೆ ಟನ್ನಿನ ಜೀಪಿಗೆ ಆ ಹಣವನ್ನು ಸೀಟು, ಬೆಲ್ಟುಗಳ ಮೇಲೆ ಹಾಕುವುದೇ ಜಾಣತನ.

ಕೇಜ್‌ನ ತೂಕ ಮೇಲೆ ಕೂರುವುದರಿಂದ ಗಾಡಿ ಬೇಗ ಮಗುಚುತ್ತದೆಯೇ ಎಂಬ ಆತಂಕ ಸಹಜ. ಅಂದಾಜಿಗೆ, 1,500 ಕಿಲೋದ, ನೆಲದಿಂದ 70 ಸೆಂ.ಮೀ. ಎತ್ತರದಲ್ಲಿ ಗುರುತ್ವ ಕೇಂದ್ರವಿರುವ, 145 ಸೆಂ.ಮೀ. ಟ್ರ್ಯಾಕ್‌ನ (ಎಡ ಬಲ ಚಕ್ರಗಳ ನಡುವಿನ ಅಂತರದ) ಗಾಡಿಯನ್ನು ಕಲ್ಪಿಸಿಕೊಳ್ಳಿ. ಸಸ್ಪೆನ್ಷನ್ನಿನ ವಾಲುವಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಪಕ್ಕಕ್ಕೆ ಮಗುಚುವ ಕೋನ ಸುಮಾರು 46 ಡಿಗ್ರಿ. 140 ಸೆಂ.ಮೀ. ಎತ್ತರದಲ್ಲಿ 45 ಕಿಲೋದ ಕೇಜ್ ಕೂರಿಸಿದರೆ ಅದು 45ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ, ಎರಡು ಮೀಟರ್ ಎತ್ತರದ ರೂಫ್ ಕ್ಯಾರಿಯರ್‌ಗೆ ಸ್ಟೆಪ್ನಿ, ಡೀಸೆಲ್ ಕ್ಯಾನು ಸೇರಿ ನೂರು ಕಿಲೋ ಹೇರಿದರೆ 42 ಡಿಗ್ರಿಗೆ ಬರುತ್ತದೆ. ಹೆದರಬೇಕಾದದ್ದು ಕ್ಯಾರಿಯರ್‌ಗೆ.

ಬಾಗು, ಬೆಸುಗೆ, ಬೋಲ್ಟು

ಪ್ಲಂಬರ್ ಬಳಸುವ ಹೈಡ್ರಾಲಿಕ್ ಬೆಂಡರ್ ಪೈಪನ್ನು ನಡುವೆ ಒತ್ತಿ ಬಾಗಿಸುತ್ತದೆ. ಬಾಗಿನ ಒಳಬದಿ ಸುಕ್ಕುಗಟ್ಟಿ ಅಡ್ಡಕೊಯ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೇಜ್‌ಗೆ ಬೇಕಾದದ್ದು ಪೈಪನ್ನು ಅಚ್ಚಿನ ಸುತ್ತ ಎಳೆದು ಬಾಗಿಸುವ ಯಂತ್ರ; ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸವನ್ನಷ್ಟೇ ಮಾಡಿಕೊಡುವವರಿದ್ದಾರೆ, ನಕ್ಷೆ ಕೊಟ್ಟು ಬಾಗಿಸಿ ತಂದು ಊರಿನಲ್ಲಿ ಬೆಸೆಸಬಹುದು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಕನಿಷ್ಠ ಮೂರು ಪಟ್ಟು ಇರಬೇಕೆಂದು ಎಫ್‌ಐಎ ನಿಯಮ. ಬಾಗಿದ ಜಾಗಕ್ಕೆ ವರ್ನಿಯರ್ ಹಿಡಿದು ಅಗಲ, ಕಿರಿದು ಎರಡನ್ನೂ ಅಳೆಯಿರಿ: ಕಿರಿದು ಅಗಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆ ಬಂದರೆ ಆ ಪೈಪನ್ನು ತೆಗೆದಿಡಬೇಕು.

ಪೈಪಿಗೆ ಪೈಪು ಸೇರುವಲ್ಲಿ ತುದಿಯನ್ನು ಮೀನಿನ ಬಾಯಿಯ ಆಕಾರಕ್ಕೆ ಕತ್ತರಿಸಿ ಕೂರಿಸಬೇಕು. ಬೆಸೆಯುವ ಮುನ್ನ ಜೋಡಣೆಯ ಒಂದು ಬದಿಗೆ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬೆಳಕು ದಾರದಂತೆ ತೂರಿ ಬಂದರೆ ತೊಂದರೆಯಿಲ್ಲ, ಬೆರಳುಗುರು ಹೋಗುವಷ್ಟು ಸಂದಿಯಿದ್ದರೆ ವೆಲ್ಡರ್ ಅದನ್ನು ಲೋಹದಿಂದ ತುಂಬಿ ಮುಚ್ಚುತ್ತಾನೆ, ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತದೆ. ವೆಲ್ಡರ್‌ನನ್ನು ಆರಿಸುವುದಕ್ಕೆ ನಂಬಲರ್ಹವಾದ ದಾರಿ ಒಂದೇ: ಅದೇ ಟ್ಯೂಬಿನ ತುಂಡುಗಳಲ್ಲಿ ಒಂದು ಜೋಡಣೆ ಮಾಡಿಸಿ, ಅದನ್ನು ಉದ್ದುದ್ದಕ್ಕೆ ಸೀಳಿಸಿ, ಒಳಗೆ ಲೋಹ ಬೆರೆತಿದೆಯೋ ಮೇಲೆ ಮಾತ್ರ ಕೂತಿದೆಯೋ ನೋಡುವುದು. ಸಾಮಾನ್ಯ ಉಕ್ಕಿಗೆ ಸಿಓಟು (ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ತಂತಿಯಿಂದ ಬೆಸೆಯುವ) ವೆಲ್ಡಿಂಗ್ ಸಾಕು, ಟಿಗ್ ಇದ್ದರೆ ಸಂತೋಷ; ತೆಳು ಟ್ಯೂಬಿಗೆ ಕಡ್ಡಿ ವೆಲ್ಡಿಂಗ್‌ನಲ್ಲಿ ಒಂದೇ ಸಮನಾದ ಕೆಲಸ ತೆಗೆಯುವ ಕೈಗಳು ವಿರಳ. ಗಾಡಿಯ ಮೇಲೆ ಬೆಸೆಯುವಾಗ ಬ್ಯಾಟರಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕಳಚಿ, ಟ್ಯಾಂಕು ಇಳಿಸಿ, ರಬ್ಬರ್ ಮ್ಯಾಟು ತೆಗೆದಿಡಬೇಕು.

ಪೂರ್ತಿ ಬೆಸೆದ ಕೇಜೋ, ಬೋಲ್ಟಿನಲ್ಲಿ ಕೂರುವ ಕೇಜೋ ಎಂಬ ವಾದದಲ್ಲಿ ನಾನು ಬಹುತೇಕರಿಗೆ ಬೋಲ್ಟಿನದನ್ನೇ ಹೇಳುತ್ತೇನೆ. ಕಮಾನನ್ನು ಹೊರಗೆ ಇಳಿಸಿ, ತಲೆಯ ಮೇಲಿನ ಜೋಡಣೆಗಳ ಮೇಲ್ಭಾಗವನ್ನೂ ಸುತ್ತ ಬೆಸೆಯಲು ಇದರಲ್ಲಿ ಅವಕಾಶವಿದೆ. ಮಾಡಿನಡಿ ಇಕ್ಕಟ್ಟಿನಲ್ಲಿ ಬೆಸೆದ ಕೇಜ್‌ಗಳಲ್ಲಿ ಆ ಮೇಲ್ಭಾಗ ಬಹಳ ಸಲ ಬೆಸುಗೆಯೇ ಕಾಣದೆ ಉಳಿದಿರುತ್ತದೆ.

ಬೆಲ್ಟು, ಪ್ಯಾಡು, ಕಾನೂನು

ಕೇಜ್ ಹಾಕಿಸಿ ಹಳೆಯ ಸೀಟನ್ನೂ ಸಡಿಲ ಬೆಲ್ಟನ್ನೂ ಹಾಗೆಯೇ ಉಳಿಸಿಕೊಂಡರೆ, ಪಲ್ಟಿಯಲ್ಲಿ ದೇಹ ಆಚೀಚೆ ಹಾರಿ ಆ ಪೈಪುಗಳಿಗೇ ಬಡಿಯುತ್ತದೆ. ಅಂಥ ಕೇಜ್‌ಗಿಂತ ಬರೀ ಹೂಪ್ ಮತ್ತು ಒಳ್ಳೆಯ ಬೆಲ್ಟು ನೂರು ಪಾಲು ಮೇಲು. ಹಾರ್ನೆಸ್, ಅಂದರೆ ಎರಡೂ ಭುಜ ಮತ್ತು ಸೊಂಟವನ್ನು ಬಿಗಿಯುವ ಸ್ಪರ್ಧೆಯ ಬೆಲ್ಟು, ಹಾಕುವುದಾದರೆ ಹೂಪ್‌ಗೆ ಅಡ್ಡ ಪೈಪೊಂದನ್ನು ಭುಜದ ಮಟ್ಟದಲ್ಲಿ ಬೆಸೆಯಬೇಕು. ಭುಜದ ಪಟ್ಟಿಗಳು ಹಿಂದಕ್ಕೆ ಇಳಿಯುವ ಕೋನ 45 ಡಿಗ್ರಿ ಮೀರಬಾರದು, 10 ಡಿಗ್ರಿಯೊಳಗಿದ್ದರೆ ಉತ್ತಮ. ಪಟ್ಟಿಗಳನ್ನು ನೆಲಕ್ಕೆ ಕಟ್ಟಿದರೆ ಅವು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತವೆ. ತಲೆ ತಾಗಬಹುದಾದ ಪೈಪಿಗೆಲ್ಲ ಎಫ್‌ಐಎ 8857-2001 ಗುರುತಿನ ಗಟ್ಟಿ ಪ್ಯಾಡು ಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೈಯಲ್ಲಿ ಒತ್ತಿದರೆ ಮೆತ್ತಗಿರುತ್ತದೆ, ಹೊಡೆತಕ್ಕೆ ಅದು ಇಲ್ಲದಂತೆಯೇ. ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಪಿಕಪ್‌ಗಳಲ್ಲಿ ಅದು ಇಳಿಯುವ ದಾರಿಗೆ ಪೈಪು ಅಡ್ಡ ಬರುವುದರಿಂದ, ಒಳಗೆ ಏನನ್ನೂ ಸೇರಿಸದಿರುವುದೇ ಸುರಕ್ಷಿತ.

ಕಾನೂನಿನ ಮಾತನ್ನು ಮುಚ್ಚಿಡಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ತಂದ 182ಎ ಕಲಂ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಹಾಗಾಗಿ ರಸ್ತೆಯಲ್ಲಿ ಓಡುವ ಗಾಡಿಯಾದರೆ ಪೈಪು ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಲಿಖಿತವಾಗಿ ವಿಚಾರಿಸಿ, ವಿಮೆಯವರಿಗೂ ತಿಳಿಸಬೇಕು. ಸ್ಪರ್ಧೆಗೆಂದೇ ಕಟ್ಟಿದ ಗಾಡಿಯನ್ನು ಟ್ರೇಲರ್ ಮೇಲೆ ಸಾಗಿಸುವುದು ದುಬಾರಿಯಾದರೂ ಸರಿಯಾದ ಕ್ರಮ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಶಿಫಾರಸು ಹೀಗಿದೆ. ವಾರಾಂತ್ಯಕ್ಕೆ ತೋಟ, ಟ್ರೇಲ್‌ಗಳಿಗೆ ಹೋಗಿ ಉಳಿದ ದಿನ ಊರಿನಲ್ಲಿ ಓಡುವ ಹಳೆಯ ಥಾರ್, ಎಂಎಂ 540, ಜಿಪ್ಸಿಗಳಿಗೆ, ಅನುಮತಿ ಸಿಕ್ಕರೆ, 45ಕ್ಕೆ 2.5ರ ಸಿಡಿಡಬ್ಲ್ಯೂ ಟ್ಯೂಬಿನಲ್ಲಿ ಡಯಾಗನಲ್ ಇರುವ ಬೋಲ್ಟಿನ ಹೂಪ್, ಅಗಲ ತಟ್ಟೆಗಳು, ತಲೆಯಾಸರೆಯಿರುವ ಸೀಟು, ಪ್ಯಾಡು. ತೋಟದ ಗೇಟಿನಿಂದ ಹೊರಬಾರದ, ಬಂಡೆ ಹತ್ತುವ ಗಾಡಿಗೆ ಆರು ಕಾಲಿನ ಕೇಜ್, ಹಾರ್ನೆಸ್, ತಪ್ಪದೆ ಹೆಲ್ಮೆಟ್. ಸ್ಪರ್ಧೆಗಾದರೆ ಆ ವರ್ಷದ ನಿಯಮ ಪುಸ್ತಕವನ್ನು ಮೊದಲು ತರಿಸಿಕೊಂಡು, ಅದರಲ್ಲಿರುವ ಅಳತೆಯನ್ನೇ ಸೀಮ್‌ಲೆಸ್ ಟ್ಯೂಬಿನಲ್ಲಿ ಮಾಡಿಸಿ, ಟ್ಯೂಬಿನ ಪರೀಕ್ಷಾ ಪತ್ರವನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಬೇಕು. ಈ ಮೂರರಲ್ಲಿ ಯಾವುದೇ ಆಗಲಿ, ಒಮ್ಮೆ ಪಲ್ಟಿಯಾದ ಮೇಲೆ ಪ್ಯಾಡುಗಳನ್ನು ಬಿಚ್ಚಿ ಪ್ರತಿ ಬೆಸುಗೆಯ ಅಂಚನ್ನೂ ಪಾದದ ತಟ್ಟೆಯನ್ನೂ ಪರೀಕ್ಷಿಸಬೇಕು. ಬಾಗಿದ ಪೈಪನ್ನು ಬಿಸಿ ಮಾಡಿ ನೆಟ್ಟಗೆ ಮಾಡದೆ ಕತ್ತರಿಸಿ ಹೊಸದು ಹಾಕಿಸಬೇಕು, ಮುಖ್ಯ ಕಮಾನೇ ಬಾಗಿದ್ದರೆ ಇಡೀ ಹೂಪನ್ನು ಬದಲಿಸಬೇಕು.